ಪರದೆಯ ಅಡಿಯ ಪಟ್ಟಿ

ಅವರ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಕಚ್ಚು ಇತ್ತು. ಜೋಳದ ನುಚ್ಚು ಸಿಕ್ಕಿಕೊಳ್ಳುವಷ್ಟು ದೊಡ್ಡ ಕಚ್ಚು. ಕೇಬಲ್ ವೈರಿನ ಕರಿ ಸಿಪ್ಪೆಯನ್ನು ವರ್ಷಗಟ್ಟಲೆ ಹಲ್ಲಿನಿಂದ ಕಚ್ಚಿ ಎಳೆದು ಒಳಗಿನ ತಾಮ್ರದ ಎಳೆ ತೆಗೆದವರಿಗೆ ಹಾಗಾಗುತ್ತದೆ. ಜೇಬಿನಲ್ಲಿ ಇಕ್ಕಳ ಇರುತ್ತಿತ್ತು, ಆದರೂ ಅವರಿಗೆ ಹಲ್ಲೇ ಬೇಕು. ಮುಂದೆ ಹುಮನಾಬಾದಿನ ಗಾಜಿನ ಕೋಣೆಯಲ್ಲಿ ಟೈ ಕಟ್ಟಿಕೊಂಡು ಕೂತಾಗಲೂ, ಬಾಯಿ ತೆರೆದು ನಕ್ಕರೆ ಸಾಕು, ಬಸವಕಲ್ಯಾಣದ ಮಾಳಿಗೆಯಿಂದ ಮಾಳಿಗೆಗೆ ವೈರ್ ಎಳೆಯುತ್ತ ಜಿಗಿದಾಡಿದ ಹುಡುಗ ಆ ಕಚ್ಚಿನಲ್ಲಿ ಕಾಣುತ್ತಿದ್ದ.

ನಾವೆಲ್ಲ ಅವರನ್ನು ಮಾಲಕರು ಅನ್ನುತ್ತಿದ್ದೆವು. ಮೊದಲು ಮದುವೆ ಮನೆಗಳಿಗೆ ಟೀವಿ, ವೀಡಿಯೊ ಬಾಡಿಗೆಗೆ ಕೊಡುತ್ತಿದ್ದರು. ಆಮೇಲೆ ಡಿಶ್ ಹಾಕಿದರು, ಊರ ತುಂಬ ವೈರ್ ಎಳೆದರು, ಕೊನೆಗೆ ಕಿರಾಣಿ ಅಂಗಡಿಯ ಮೇಲಿನ ಕೋಣೆಯಲ್ಲಿ ಊರಿನದೇ ಒಂದು ಚಾನಲ್ ಶುರು ಮಾಡಿದರು. ದೊಡ್ಡ ಪಟ್ಟಣಗಳಲ್ಲಿ ಇಂಥವರನ್ನು ಮಾಧ್ಯಮ ಉದ್ಯಮಿ ಅನ್ನುತ್ತಾರಂತೆ. ನಮ್ಮಲ್ಲಿ ಮಾತ್ರ, “ಪಿಕ್ಚರ್ ಹೋಗ್ಯದ, ಹಚ್ಚು ಅವನಿಗಿ ಫೋನ್” ಅನ್ನುತ್ತಿದ್ದರು.

ನಾನು ಆಗ ಬಿ.ಎ. ಮುಗಿಸಿ, ಪತ್ರಕರ್ತೆಯಾಗದೆ ಮದುವೆಯ ಮಾತೇ ಬೇಡ ಎಂದು ಮನೆಯಲ್ಲಿ ಹಟ ಹಿಡಿದು ಕೂತಿದ್ದೆ. ಮಾಲಕರು ನನ್ನನ್ನು ಸುದ್ದಿ ಓದಲು ಇಟ್ಟುಕೊಂಡರು. ಎಂಥ ಸುದ್ದಿ! ಶಾಲೆಯ ವಾರ್ಷಿಕೋತ್ಸವ, ಗಣ್ಯರ ಹುಟ್ಟುಹಬ್ಬ, ನಾಳೆ ಕರೆಂಟು ಇರುವುದಿಲ್ಲ. ಹಗಲೆಲ್ಲ ಹಳೆಯ ಸಿನಿಮಾ ಓಡುತ್ತಿತ್ತು, ಸಂಜೆ ಸ್ವಲ್ಪ ಹೊತ್ತು ನನ್ನ ಮುಖ. ಆದರೆ ಜನ ಚಾನಲ್ ಹಚ್ಚುತ್ತಿದ್ದದ್ದು ಸಿನಿಮಾಕ್ಕೂ ಅಲ್ಲ, ನನ್ನ ಮುಖಕ್ಕೂ ಅಲ್ಲ. ಪರದೆಯ ಅಡಿಯಲ್ಲಿ ಬಲದಿಂದ ಎಡಕ್ಕೆ ಓಡುತ್ತಿದ್ದ ಒಂದು ಪಟ್ಟಿಗೆ. ಯಾರು ತೀರಿಕೊಂಡರು, ಯಾವ ಊರು, ಮಣ್ಣು ಎಷ್ಟಕ್ಕೆ ಎಂಬುದು ಅದರಲ್ಲಿ ಬರುತ್ತಿತ್ತು. ನಮ್ಮ ಕಡೆ ಅಂತ್ಯಕ್ರಿಯೆಗೆ ಮಣ್ಣು ಅನ್ನುವುದೇ ರೂಢಿ. ಮೇಲೆ ನಾಯಕ ನಾಯಕಿ ಕುಣಿಯುತ್ತಿರಲಿ, ಕೆಳಗೆ ಸತ್ತವರ ಹೆಸರು ಓಡುತ್ತಿರಲಿ, ಊರಿಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಯಾವ ಜಾತಿ, ಯಾವ ಗಲ್ಲಿ ಎಂದು ಮಾಲಕರು ನೋಡುತ್ತಿರಲಿಲ್ಲ. ಮುಸ್ಲಿಮರ ಮನೆಯ ಮಯ್ಯತ್ ಇದ್ದರೂ ಅದೇ ಪಟ್ಟಿ, ಅದೇ ಅಕ್ಷರ.

ನಾನು ಸೇರಿದ ಹೊಸದರಲ್ಲಿ ಕೊಹಿನೂರಿನಿಂದ ಒಂದು ಫೋನ್ ಬಂತು. ಒಬ್ಬ ಕುರಿಗಾರನಿಗೆ ಹೊಲದಲ್ಲಿ ಹಾವು ಕಡಿದಿದೆ, ಜೀಪಿನಲ್ಲಿ ಹಾಕುವಾಗಲೇ ಜೀವ ಹೋಯಿತು, ಸಂಜೆ ಮಣ್ಣು ಎಂದು ಯಾರೋ ಹೇಳಿದರು. ಮಾಲಕರು ಕೂಡಲೇ ಪಟ್ಟಿ ಬಿಟ್ಟರು. ಅದನ್ನು ನೋಡಿದ ನೆಂಟರು ನೆಂಟರಿಗೆ ಹೇಳಿ, ಗಡಿಯಾಚೆಯ ಬೀಗರೂ ಟೆಂಪೋ ಮಾಡಿಕೊಂಡು ಅಳುತ್ತ ಬಂದರು. ಆ ಹೊತ್ತಿಗೆ ಆ ಮನುಷ್ಯ ಆಸ್ಪತ್ರೆಯಲ್ಲಿ ಎದ್ದು ಕೂತು ಚಹಾ ಕೇಳುತ್ತಿದ್ದನಂತೆ. ಕೆಲವು ದಿನಗಳ ನಂತರ ಅವನೇ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದ.

“ನಾ ಸತ್ತೀನಂತ ನಿಮ್ಮ ಟೀವ್ಯಾಗ ಬಂದಿತ್ತಂತಲ್ರಿ, ಹೌದೇನ್ರಿ?”

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಮಾಲಕರು ನಗಲಿಲ್ಲ. ಕುರ್ಚಿ ಬಿಟ್ಟೆದ್ದು ಅವನ ಎರಡೂ ಕೈ ಹಿಡಿದುಕೊಂಡು, “ತಪ್ಪಾತೋ ಯಪ್ಪಾ, ನೋಡ್ಲಾರದೆ ಹಾಕಿಬಿಟ್ಟೆ” ಅಂದರು. ಕೊನೆಗೆ ಅವನೇ ನಕ್ಕು, “ಹೆಂಡ್ತಿ ಬಳಿ ಒಡಿಯೋದೊಂದು ಉಳ್ದಿತ್ತು ನೋಡ್ರಿ” ಎಂದು ಸಮಾಧಾನ ಮಾಡಿ ಹೋದ. ಅಲ್ಲಿಂದ ಮುಂದೆ ಸಂತೆಗೆ ಬಂದಾಗಲೆಲ್ಲ ನಮ್ಮ ಬಾಗಿಲಲ್ಲಿ ನಿಂತು, “ಇನ್ನೂ ಇದ್ದೀನ್ರಿ, ಮಾಲಕ್ರ!” ಎಂದು ಕೂಗಿ ಹೋಗುವುದು ಅವನ ಪದ್ಧತಿಯಾಯಿತು. ಮಾಲಕರು ಯಾವ ಕೆಲಸದಲ್ಲಿದ್ದರೂ ಬಲಗೈ ಮೇಲೆತ್ತುತ್ತಿದ್ದರು. ಒಳಗೆ ಬಂದು ಕೂಡು ಅಂತ ಇವರೂ ಅನ್ನುತ್ತಿರಲಿಲ್ಲ, ಅವನೂ ಬರುತ್ತಿರಲಿಲ್ಲ.

ಆ ಘಟನೆಯಿಂದ ಹುಟ್ಟಿದ ಕಾಯಿದೆಯೇ ನನ್ನ ಪ್ರಾಣ ತಿಂದದ್ದು. ಯಾರು ಫೋನ್ ಮಾಡಿ ಸಾವು ಹೇಳಲಿ, ಮಾಲಕರು ಗಾಡಿ ಹತ್ತಿ ಹೋಗಿ ನೋಡಿ ಬಂದ ಮೇಲೆಯೇ ಪಟ್ಟಿ. ಅವರಿಗೆ ಆಗದಿದ್ದರೆ ನಾನು ಹೋಗಬೇಕು. ಬಂದು ಬಾಗಿಲು ದಾಟುವ ಮೊದಲೇ ಪ್ರಶ್ನೆ: “ನಿನ್ನ ಕಣ್ಣಿಲೆ ನೋಡಿದ್ಯೇನು?” ಹೌದು ಅಂದರೆ ಮಾತ್ರ ಅವರ ಕೈ ಕೀಬೋರ್ಡಿಗೆ ಹೋಗುತ್ತಿತ್ತು. ಕ್ಯಾಮೆರಾ ಹಿಡಿದು ಊರು ಸುತ್ತುತ್ತೇನೆಂದು ಕನಸು ಕಂಡವಳು ನಾನು, ಹೆಣ ನೋಡಿ ಬರುವ ಕೆಲಸಕ್ಕೆ ಬಿದ್ದೆನಲ್ಲ ಎಂದು ಬಸ್ಸಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ನಾರಾಯಣಪುರಕ್ಕೆ ಒಮ್ಮೆ ಅವರೇ ಕರೆದುಕೊಂಡು ಹೋದರು. ಒಬ್ಬ ಅಜ್ಜಿ ತೀರಿಕೊಂಡಿದ್ದಳು. ಮಾಲಕರು ಬಾಗಿಲಾಚೆ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ಗೋಡೆಗೆ ಒರಗಿಸಿ ಕೂರಿಸಿದ್ದ ಆ ಜೀವಕ್ಕೆ ಕೈ ಮುಗಿದು, ಪಕ್ಕದಲ್ಲಿ ಕೂತರು. ಏಳುವಾಗ ಮಗನನ್ನು ಒಂದೇ ಮಾತು ಕೇಳಿದರು: “ಮಣ್ಣು ಎಷ್ಟಕ್ಕದರಿ?” ವಾಪಸು ಬಂದು ನಾನು ಬರೆದುಕೊಟ್ಟೆ, ಚಂದ ಮಾಡಿ. ಧರ್ಮನಿಷ್ಠೆ, ದೈವಾಧೀನ, ಅಪಾರ ಬಂಧುಬಳಗ. ಅವರು ಒಂದೊಂದೇ ಅಳಿಸಿದರು. ಹೆಸರು, ಊರು, ಹೊತ್ತು ಇಷ್ಟೇ ಉಳಿಯಿತು.

“ಬಂಧುಬಳಗ ಬರಬೇಕವ್ವಾ. ಕುಂತು ಓದಾಕಲ್ಲ.”

ಅವರು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು.

ಅವರ ಮೇಲೆ ನನಗಿರುವ ದೊಡ್ಡ ಸಿಟ್ಟು ಬೇರೆಯದು. ಒಂದು ಹಳ್ಳಿಯಲ್ಲಿ ಹೊಸ ರಸ್ತೆ ಮೊದಲ ಮಳೆಗೇ ಕಿತ್ತುಹೋಗಿತ್ತು. ನಾನು ಬಿಸಿಲಲ್ಲಿ ಅಲೆದು, ಜನರನ್ನು ಮಾತಾಡಿಸಿ, ಗುತ್ತಿಗೆದಾರನ ಮುಂದೆಯೂ ಮೈಕ್ ಹಿಡಿದು ಒಂದು ವರದಿ ಮಾಡಿದ್ದೆ. ಮಾಲಕರು ಪೂರಾ ನೋಡಿ, “ಭಾಳ ಛಲೋ ಮಾಡೀದಿ” ಅಂದರು. ಅಂದು ಪಕ್ಕಕ್ಕಿಟ್ಟರು. ಇವತ್ತು, ನಾಳೆ ಎಂದು ತಳ್ಳಿ ತಳ್ಳಿ ಅದು ಹಳಸಿಯೇ ಹೋಯಿತು. ಒಂದು ದಿನ ನಾನು ತಡೆಯಲಾರದೆ ಕೂಗಾಡಿದೆ. “ನಿಮಗ ಹೆದರಿಕಿ ಆಗ್ಯದ್ರಿ. ನೇರ ಹೇಳ್ರಿ.”

“ಹೆದರಿಕಿ ಅದ” ಅಂದರು, ಅಷ್ಟೇ ಸಮಾಧಾನದಿಂದ. “ಆ ಮನುಷ್ಯಾ ನಾಳಿ ನಮ್ಮ ವೈರ್ ಕಡಿಸ್ತಾನ. ಆ ಊರಿಗಿ ಪಟ್ಟಿ ಮುಟ್ಟಂಗಿಲ್ಲ. ಸುದ್ದಿ ನಾಳೀನೂ ಇರ್ತದ ತಂಗಿ, ಮಣ್ಣು ಇವತ್ತೇ ಇರ್ತದ.”

ನಾನು ಇದನ್ನು ಒಪ್ಪಲಿಲ್ಲ. ಇವತ್ತಿಗೂ ಒಪ್ಪುವುದಿಲ್ಲ. ಹೆದರುವ ಮನುಷ್ಯ ಚಾನಲ್ ಯಾಕೆ ಶುರು ಮಾಡಬೇಕಿತ್ತು? ಆದರೂ ನಾನು ಕೆಲಸ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ನನ್ನ ತಾಯಿ ಬದುಕಿರುವತನಕ ಕೇಳಿದಳು.

ಆಮೇಲೆ ಮನೆ ಮನೆಗೆ ಸೆಟ್‌ಟಾಪ್ ಬಾಕ್ಸ್ ಬಂತು. ಸಣ್ಣವರು ಒಬ್ಬೊಬ್ಬರೇ ದೊಡ್ಡ ಕಂಪನಿಯ ಹೊಟ್ಟೆಯೊಳಗೆ ಹೋದರು. ಮಾಲಕರೂ ಹೋದರು. ಕಂಪನಿಯವರು ಅವರನ್ನು ಬಸವಕಲ್ಯಾಣ, ಹುಮನಾಬಾದ್ ಎರಡೂ ತಾಲೂಕಿನ ಮುಖ್ಯಸ್ಥರನ್ನಾಗಿ ಮಾಡಿ, ಹುಮನಾಬಾದಿನ ಹೆದ್ದಾರಿ ಪಕ್ಕದ ಕಟ್ಟಡದಲ್ಲಿ ಗಾಜಿನ ಕೋಣೆ ಕೊಟ್ಟರು. ನನಗೂ ಅಲ್ಲೇ ಒಂದು ಮೇಜು. ಸಹಿ ಹಾಕುವ ಮುಂಚೆ ಮಾಲಕರು ಕೇಳಿದ್ದು ಒಂದೇ: ಪಟ್ಟಿ ಇರಬೇಕು. “ಧಾರಾಳವಾಗಿ ಇರಲಿ ಸರ್” ಅಂದರು ಮೇಲಿನವರು. ಮಾತು ನಂಬಿ ಮಾಲಕರು ಟೈ ಕಟ್ಟುವುದನ್ನು ಕಲಿತರು. ಆ ಟೈ ಅವರ ಕೊರಳಲ್ಲಿ ಯಾವತ್ತೂ ನೆಟ್ಟಗೆ ನಿಲ್ಲಲಿಲ್ಲ.

ದೀಪಾವಳಿಗೆ ಪಟ್ಟಿಯಲ್ಲಿ ಬಂಗಾರದ ಅಂಗಡಿ ಬಂತು. ಹಿಂದೆಯೇ ಸಿಮೆಂಟು, ಅದರ ಹಿಂದೆ ಟ್ಯೂಷನ್ ಕ್ಲಾಸು. ಸಾವಿನ ಪಟ್ಟಿ ಬಿಡಬೇಕಾದರೆ ಮೇಲಿನ ಕಚೇರಿಗೆ ಮೇಲ್ ಹಾಕಿ ಒಪ್ಪಿಗೆ ತರಿಸಬೇಕು ಎಂಬ ಆದೇಶವೂ ಬಂತು. ಕಂಪ್ಯೂಟರಿನೊಳಗೆ ಮೀಟಿಂಗ್ ನಡೆದಾಗ ಆ ಕಡೆಯ ಹುಡುಗ ಒಬ್ಬ ಮೃದುವಾಗಿ ವಿವರಿಸಿದ: “ಸರ್, ಸಾವಿನ ಸುದ್ದಿ ನೋಡಿದ್ರೆ ಜನ ಚಾನಲ್ ಬದಲಾಯಿಸ್ತಾರೆ. ಜಾಹೀರಾತು ಕೊಡೋರು ಒಪ್ಪಲ್ಲ. ಮೂಡ್ ಹಾಳಾಗುತ್ತೆ.”

“ಮೂಡ್ ಹಾಳಾದ್ರ ನಾಳಿ ಛಲೋ ಆಗ್ತದ್ರಿ. ಮಣ್ಣು ತಪ್ಪಿದ್ರ ಮತ್ತ ಸಿಗಂಗಿಲ್ಲ.”

“ಸರಿ ಸರ್, ನೋಟ್ ಮಾಡ್ಕೊಂಡಿದೀವಿ” ಅಂದ ಹುಡುಗ. ಏನು ನೋಟ್ ಮಾಡಿಕೊಂಡನೋ. ನಾನು ಮಾಲಕರ ಮುಖ ನೋಡಿದೆ. ಎದ್ದು ಒಂದು ಮಾತು ಆಡಲಿ, ಮೇಜು ಗುದ್ದಲಿ ಅಂತ ಕಾದೆ. ಅವರು ಟೈ ಸರಿ ಮಾಡಿಕೊಂಡು, ಮೇಲ್ ಹ್ಯಾಗೆ ಬರೆಯುವುದು ಎಂದು ನನ್ನನ್ನು ಕೇಳಿದರು.

ಮೇಲ್ ಬರೆದೆವು. ಪ್ರತಿ ಸಾವಿಗೂ ಬರೆದೆವು. ಉತ್ತರ ಬರುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವೂ ಮುಗಿದಿರುತ್ತಿತ್ತು. ಫೋನ್ ಮಾಡಿದರೆ ಒಂದು ಹೆಣ್ಣು ದನಿ, ನಿಮ್ಮ ಕರೆ ನಮಗೆ ಅಮೂಲ್ಯ ಅನ್ನುತ್ತ ಹಾಡು ಹಚ್ಚಿ ಹೋಗುತ್ತಿತ್ತು. ಮಾಲಕರು ಆ ಹಾಡನ್ನು ಕಿವಿಗೆ ಹಿಡಿದುಕೊಂಡು ಗಾಜಿನಾಚೆ ಲಾರಿಗಳನ್ನು ನೋಡುತ್ತ ಕೂತಿರುತ್ತಿದ್ದರು.

ದುಬಲಗುಂಡಿಯ ಒಬ್ಬ ಹಿರಿಯರು ತೀರಿಕೊಂಡಾಗ ಎಲ್ಲ ಮುರಿದು ಬಿತ್ತು. ನಾವು ಕಳಿಸಿದ ಸಾಲಿನಲ್ಲಿ “ಇಂದು ಸಂಜೆ ಮಣ್ಣು” ಎಂದಿತ್ತು. ಅವತ್ತು ಒಪ್ಪಿಗೆ ಬರಲಿಲ್ಲ, ಮಣ್ಣು ಆಗಿಹೋಯಿತು. ಎರಡು ದಿನ ಬಿಟ್ಟು, ನಮಗೆ ಒಂದು ಮಾತೂ ಹೇಳದೆ, ಮೇಲಿನಿಂದಲೇ ಆ ಸಾಲು ಇದ್ದಹಾಗೇ ಓಡಿತು. ಸುತ್ತಲಿನ ಹಳ್ಳಿಗಳ ಜನ ಸಂಜೆಗೆ ದುಬಲಗುಂಡಿಯಲ್ಲಿ ಇಳಿದು, ಹೂವಿನ ಹಾರ ಕೈಯಲ್ಲಿ ಹಿಡಿದುಕೊಂಡು ಬೆಪ್ಪಾಗಿ ನಿಂತರು. ಮಾಲಕರು ಸುದ್ದಿ ಕೇಳಿದವರೇ ಟೈ ಬಿಚ್ಚಿ ಮೇಜಿನ ಮೇಲಿಟ್ಟು ಬಸ್ಸು ಹತ್ತಿದರು. ನಾನೂ ಹಿಂದೆ ಓಡಿದೆ. ಆ ಮನೆಯ ಮುಂದೆ ನಿಂತು, ಬಂದವರಿಗೆಲ್ಲ ಒಬ್ಬೊಬ್ಬರಿಗೂ ಕೈ ಮುಗಿದರು. ಸತ್ತವರ ಮಗಳು ಮಾತ್ರ ಬಿಡಲಿಲ್ಲ.

“ನಿಮ್ಮ ಪಟ್ಟಿಗಿ ನಂಬಿ ನಮ್ಮ ಸ್ವಾದರಮಾವ ಇವತ್ತ ಬಂದಾನ್ರಿ. ಮಾರಿ ನೋಡಾಕ ಸಿಗಲಿಲ್ಲ ಅಂವಗ. ಏನಂತ ಹೇಳ್ಲಿ?”

ಆ ವಾರವೇ ಮಾಲಕರು ಕೆಲಸ ಬಿಟ್ಟರು. ಕಂಪನಿ ಒಂದು ಹೂಗುಚ್ಛ ಕಳಿಸಿತು. ಅದು ಬಂದದ್ದೂ ತಡವಾಗಿ, ಬಾಡಿಕೊಂಡು.

ನಾನು ಬಸವಕಲ್ಯಾಣಕ್ಕೆ ವಾಪಸು ಬಂದು ಬಸ್ ನಿಲ್ದಾಣದ ಹತ್ತಿರ ಫೋಟೊ ಸ್ಟುಡಿಯೊ ಇಟ್ಟೆ. ಮಾಲಕರು ದಿನಾ ಬಂದು ಕೂರುತ್ತಿದ್ದರು. ಯೂಟ್ಯೂಬಿನಲ್ಲಾದರೂ ಪಟ್ಟಿ ಬಿಡೋಣ ಎಂದು ಕೆಲವು ತಿಂಗಳು ಒದ್ದಾಡಿದರು. ಹುಡುಕಿಕೊಂಡು ಹೋಗಿ ನೋಡುವುದು ಪಟ್ಟಿಯಲ್ಲ, ಸಿನಿಮಾ ನೋಡುವವರ ಕಣ್ಣಿಗೆ ತಾನಾಗಿ ಬೀಳುವುದು ಪಟ್ಟಿ ಎಂದು ಆಮೇಲೆ ತಾವೇ ಬಿಟ್ಟರು. ಅಷ್ಟರಲ್ಲಿ ಊರ ತುಂಬ ವಾಟ್ಸಾಪ್ ಗುಂಪುಗಳು ಹುಟ್ಟಿದ್ದವು. ಒಂದು ಗುಂಪಿನಲ್ಲಿ ಸತ್ತವರು ಇನ್ನೊಂದರಲ್ಲಿ ಬದುಕಿರುತ್ತಿದ್ದರು.

ಹೋದ ವರ್ಷ ಮಾಲಕರು ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದಾಗ ಅವರದೇ ಫೋಟೊಕ್ಕೆ ಹಾರ ಹಾಕಿ ಯಾರೋ ಗುಂಪಿಗೆ ಬಿಟ್ಟರು. ನೂರಾರು ಕೈಮುಗಿದ ಚಿತ್ರ, ಓಂ ಶಾಂತಿ. ನಾನು ಉರಿದುಹೋಗಿ ಫೋನನ್ನು ಅವರ ಹಾಸಿಗೆಗೇ ಒಯ್ದು ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನ ನೋಡಿದರು.

“ಫೋಟೊ ಛಲೋ ಹಾಕ್ಯಾರ. ಆದ್ರ ಮಣ್ಣು ಎಷ್ಟಕ್ಕಂತ ಒಬ್ಬನೂ ಬರದಿಲ್ಲ ನೋಡು.”

ಕಚ್ಚು ಕಾಣುವ ಹಾಗೆ ನಕ್ಕರು. ನನಗೆ ನಗು ಬರಲಿಲ್ಲ.

ಈ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ ಮನೆಯಲ್ಲೇ ನಿಜವಾಗಿ ಹೋದರು. ನಾನು ಓಡಿಹೋಗಿ ನೋಡಿದೆ. ಹಣೆಗೆ ವಿಭೂತಿ ಹಚ್ಚಿ ಕುರ್ಚಿಯಲ್ಲಿ ಕೂರಿಸಿದ್ದರು. ಅವರು ಕಲಿಸಿದ ಹಾಗೆಯೇ ಬರೆದೆ: ಹೆಸರು, ಊರು, ಹೊತ್ತು. ಬರೆದದ್ದನ್ನು ಎಲ್ಲಿ ಹಾಕುವುದು? ಗುಂಪುಗಳಿಗೆ ಕಳಿಸಿದೆ. ಕಳಿಸಿದ ಗಳಿಗೆಯಿಂದ ಫೋನು ಶುರುವಾಯಿತು.

“ಇದು ಖರೆ ಅದೇನು, ಹ್ವಾದ ವರ್ಷದಂಗ ಅದೇನು?”

“ಖರೆ ಅದರಿ.”

“ನಿನ್ನ ಕಣ್ಣಿಲೆ ನೋಡಿದ್ಯೇನು?”

ಒಬ್ಬರಲ್ಲ, ಇಬ್ಬರಲ್ಲ. ಅವರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಿದ್ದ ಅದೇ ಪ್ರಶ್ನೆಯನ್ನು ಊರೆಲ್ಲ ಅವರ ಬಗ್ಗೆ ನನ್ನನ್ನು ಕೇಳಿತು. ನೋಡೀನ್ರಿ, ನೋಡೀನ್ರಿ ಅಂದು ಅಂದು ಗಂಟಲು ಬಿತ್ತು. “ಹಂಗಾದ್ರ ಒಂದಿಷ್ಟು ಕಾದು ನೋಡ್ತೀವಿ” ಅಂದವರೇ ಹೆಚ್ಚು. ಹಳ್ಳಿ ಹಳ್ಳಿಗೆ ಹೋಗಿ ಎಲ್ಲರ ಸಾವನ್ನೂ ಕಣ್ಣಿಂದ ಕಂಡು ಊರಿಗೆ ತಿಳಿಸಿದ ಮನುಷ್ಯನ ಅಂಗಳದಲ್ಲಿ ಮಧ್ಯಾಹ್ನದತನಕ ಮನೆಯವರು, ಗಲ್ಲಿಯವರು ಬಿಟ್ಟರೆ ಯಾರೂ ಇರಲಿಲ್ಲ. ನನಗೆ ಆ ಕಂಪನಿಯ ಮೇಲೆ, ಈ ಫೋನಿನ ಮೇಲೆ, ಎದ್ದು ಮೇಜು ಗುದ್ದದೆ ಹೋದ ಆ ಮನುಷ್ಯನ ಮೇಲೂ ಕೆಟ್ಟ ಸಿಟ್ಟು ಬಂತು.

ಎತ್ತುವ ಹೊತ್ತಿಗೆ ಕೊಹಿನೂರಿನ ಕುರಿಗಾರ ಬಂದ. ಮುದುಕನಾಗಿದ್ದ. ಯಾರನ್ನೂ ಏನೂ ಕೇಳದೆ ಜನರನ್ನು ಸರಿಸಿ ಮುಂದೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದ.

“ನಂದು ಸುಳ್ಳಾಗಿತ್ತಲ್ಲವಾ” ಅಂದ ನನ್ನ ಕಡೆ ತಿರುಗಿ. “ಇವರ್ದೂ ಸುಳ್ಳಿರ್ಬೇಕಂತ ನೋಡಾಕ ಬಂದೆ.”

ಹೆಗಲ ಕಂಬಳಿ ತೆಗೆದು ಕೆಳಗಿಟ್ಟ. ಬಾಗಿ, ಕಿವಿಯ ಹತ್ತಿರ ಬಾಯಿ ಒಯ್ದು, ಸಂತೆಯ ದಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಅದೇ ದನಿಯಲ್ಲಿ ಕೂಗಿದ.

“ಇನ್ನೂ ಇದ್ದೀನ್ರಿ, ಮಾಲಕ್ರ!”

ಆ ಬಲಗೈ ಏಳುತ್ತದೇನೋ ಎಂದು ನಾನೂ ನೋಡಿದೆ.