ಊಟಕ್ಕೆ ಮುಂಚೆ ಬರೆದ ಹಾಳೆ

ವೃದ್ಧಾಶ್ರಮದ ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ ‘ಆರೈಕೆ ಸಹಾಯಕ’ ಎಂದಿತ್ತು. ಆ ಮಾತನ್ನು ಯಾರ ಬಾಯಲ್ಲೂ ನಾನು ಕೇಳಲಿಲ್ಲ. ಎಲ್ಲರಿಗೂ ಅವರು ಕಂಡಕ್ಟರ್. ಅವರು ಬಸ್ಸು ಬಿಟ್ಟು ಒಂಬತ್ತು ವರ್ಷವಾಗಿತ್ತು, ಹೆಸರು ಮಾತ್ರ ಅವರನ್ನು ಬಿಟ್ಟಿರಲಿಲ್ಲ.

ಇಪ್ಪತ್ತಾರು ವರ್ಷ ಟಿಕೆಟ್ ಹರಿದವರು. ಡ್ರೈವರೇ ಟಿಕೆಟ್ ಕೊಡುವ ಪದ್ಧತಿ ಬಂದಾಗ ಕೆಲಸ ಹೋಗಿ ಆರು ತಿಂಗಳು ಮನೆಯಲ್ಲಿ ಕುಳಿತರು. ದಿನವಿಡೀ ಒಳಗೂ ಹೊರಗೂ ಓಡಾಡುತ್ತಿದ್ದ ಅವರನ್ನು ನೋಡಿ ಹೆಂಡತಿ, ನೀವು ಮನೆಯಲ್ಲಿದ್ದರೆ ನನಗೆ ನಿಲ್ಲಲೂ ಜಾಗವಿಲ್ಲ, ಎಲ್ಲಾದರೂ ಇಳಿದುಕೊಳ್ಳಿ ಎಂದರಂತೆ. ಇಳಿದುಕೊಂಡದ್ದು ಇಲ್ಲಿ, ಎರಡು ಬೀದಿಗಳಾಚೆಯ ವೃದ್ಧಾಶ್ರಮದಲ್ಲಿ.

ಅದು ಹಿಂದೆ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡ. ಕೆಳಗಿನ ಅಂತಸ್ತಿನಲ್ಲಿ ಉದ್ದನೆಯ ಹಜಾರ, ಎರಡು ಸಾಲು ಮಂಚ, ಕೊನೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿ. ಗೋಡೆಗಳಿಗೆ ಎಷ್ಟು ಸಲ ಬಣ್ಣ ಬಳಿದರೂ ಹುಡುಗರು ಕೊರೆದ ಹೆಸರುಗಳು ಅಲ್ಲಲ್ಲಿ ಕಾಣುತ್ತಿದ್ದವು. ಕಂಡಕ್ಟರ್ ಬೆಳಿಗ್ಗೆ ಬಂದವರೇ ಮೊದಲ ಮಂಚದ ಕಂಬಿಗೆ ಎರಡು ಸಲ ತಟ್ಟುತ್ತಿದ್ದರು. ಗಾಲಿಕುರ್ಚಿ ಹೊರಡುವಾಗ ‘ರೈಟ್’, ನಿಲ್ಲುವಾಗ ‘ಹೋಲ್ಡಾನ್’. ಯಾರಿಗೆ ಹತ್ತು ಗಂಟೆಗೆ ಬಚ್ಚಲಿಗೆ ಹೋಗಬೇಕು, ಯಾರಿಗೆ ಕಿಟಕಿಯ ಬದಿಯೇ ಬೇಕು, ಯಾರು ಯಾರ ಪಕ್ಕ ಕುಳಿತರೆ ಜಗಳ, ಎಲ್ಲವೂ ಅವರಿಗೆ ಬಾಯಿಪಾಠವಾಗಿತ್ತು.

ಆ ಸಾಲಿನ ಆರನೆಯ ಮಂಚ ನನ್ನ ಅಕ್ಕನದು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹೊಲಿಗೆ ಯಂತ್ರ ತುಳಿದು ನನ್ನನ್ನು ಓದಿಸಿದವಳು. ಮೊದಲು ಅವಳಿಗೆ ಮರೆವು ಬಂತು, ಆಮೇಲೆ ಕೆಳಗೆ ಬಿದ್ದಳು. ಎಪ್ಪತ್ತೊಂದರ ನನ್ನ ಬೆನ್ನು ಅವಳನ್ನು ಎತ್ತಿ ಕೂರಿಸಲು ಒಪ್ಪಲಿಲ್ಲ. ಹೀಗೆ ಅವಳು ಅಲ್ಲಿಗೆ ಬಂದಳು. ನಾನು ದಿನವೂ ಸಂಜೆ ನಾಲ್ಕಕ್ಕೆ ನಡೆದು ಹೋಗಿ ಐದೂವರೆಯವರೆಗೆ ಅವಳ ಬಳಿ ಕೂರುತ್ತಿದ್ದೆ. ಊಟದ ಹೊತ್ತಿನಲ್ಲಿ ಹೊರಗಿನವರಿಗೆ ಪ್ರವೇಶವಿರಲಿಲ್ಲ. ಜನ ಹೆಚ್ಚಾದರೆ ಕೆಲಸ ಕೆಡುತ್ತದೆ ಎಂದು ಮೇಲ್ವಿಚಾರಕಿ ಮೇಡಂ ಮಾಡಿದ ನಿಯಮ ಅದು. ಆ ನಿಯಮವನ್ನು ನಾನು ಮೂರು ವರ್ಷ ತಪ್ಪದೆ ಪಾಲಿಸಿದೆ. ನಿಯಮ ಪಾಲಿಸುವುದು ನಮ್ಮ ಮೇಷ್ಟ್ರ ಕಸುಬಿನವರ ಚಟ.

ಮೂರನೆಯ ವರ್ಷದ ಕೊನೆಗೆ ಊರಿನಲ್ಲಿ ಹೊಸ ಆಸ್ಪತ್ರೆ ತೆರೆಯಿತು. ಅಲ್ಲಿ ಸಂಬಳ ಹೆಚ್ಚು, ಪಾಳಿ ಒಂದೇ. ಒಂದೇ ತಿಂಗಳಲ್ಲಿ ಆಶ್ರಮದ ಏಳು ಸಹಾಯಕರಲ್ಲಿ ಮೂವರು ಅಲ್ಲಿಗೆ ಹೋದರು. ಹೋದವರನ್ನು ತಪ್ಪು ಎನ್ನುವಂತಿಲ್ಲ, ಅವರಿಗೂ ಹೊಟ್ಟೆಯಿದೆ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೂ ಯಾರೂ ನಿಲ್ಲಲಿಲ್ಲ. ಬಂದ ಒಬ್ಬಳು ಮಧ್ಯಾಹ್ನದವರೆಗೆ ಇದ್ದು, ಚಪ್ಪಲಿ ಮರೆತು ಹೋದಳು. ಅದನ್ನು ಕೇಳಲು ಕೂಡ ತಿರುಗಿ ಬರಲಿಲ್ಲ. ಮೇಡಂ ತಾವೇ ಸೆರಗು ಸಿಕ್ಕಿಸಿ ಹಾಸಿಗೆ ಬಟ್ಟೆ ಒಗೆಯತೊಡಗಿದರು. ಆರು ಮಂಚ ನೋಡಿಕೊಳ್ಳುತ್ತಿದ್ದ ಕಂಡಕ್ಟರ್ ಪಾಲಿಗೆ ಹನ್ನೊಂದು ಬಂದವು.

ಊಟಕ್ಕೆಂದು ಇದ್ದದ್ದು ಒಂದು ಗಂಟೆ. ಹನ್ನೊಂದು ಜನರಲ್ಲಿ ಐವರು ತಾವೇ ಉಣ್ಣುತ್ತಿದ್ದರು, ಆರು ಜನರಿಗೆ ತಿನ್ನಿಸಬೇಕು. ಅಕ್ಕನೊಬ್ಬಳಿಗೇ ನಲವತ್ತು ನಿಮಿಷ ಬೇಕು. ಈ ಲೆಕ್ಕವನ್ನು ಹೇಗೆ ಮಾಡಿದರೂ ಶೇಷ ಉಳಿಯುತ್ತಿತ್ತು. ಉಳಿಯುತ್ತಿದ್ದವಳು ಅಕ್ಕ.

ಇದು ನನಗೆ ಗೊತ್ತಾದದ್ದು ತಿಂಗಳ ತೂಕದ ದಿನ. ಅಲ್ಲಿ ತಕ್ಕಡಿ ಜೋಡಿಸಿದ ಒಂದು ಕುರ್ಚಿಯಿತ್ತು. ಅಕ್ಕನನ್ನು ಅದರಲ್ಲಿ ಕೂರಿಸಿದಾಗ ಮುಳ್ಳು ಮೂವತ್ತೇಳು ಕಿಲೋ ಇನ್ನೂರು ಗ್ರಾಮಿಗೆ ನಿಂತಿತು. ಹಿಂದಿನ ತಿಂಗಳು ನಲವತ್ತೊಂದರ ಮೇಲಿತ್ತು. ಮಂಗಳವಾರಕ್ಕೊಮ್ಮೆ ಬರುವ ಡಾಕ್ಟರಮ್ಮ, ಚಿಕ್ಕ ವಯಸ್ಸಿನವರು, ಮಂಚದ ತುದಿಯಲ್ಲಿ ತೂಗುಹಾಕಿದ್ದ ಊಟದ ಹಾಳೆಗಳನ್ನು ತಿರುವಿದರು. ಪ್ರತಿ ಹೊತ್ತಿನ ಎದುರಿಗೂ ಕಂಡಕ್ಟರ್ ಅವರ ದುಂಡನೆಯ ಅಕ್ಷರದಲ್ಲಿ ‘ಮುಕ್ಕಾಲು’ ಎಂದಿತ್ತು.

ಮುಕ್ಕಾಲು ತಟ್ಟೆ ತಿಂದೂ ನಾಲ್ಕು ಕಿಲೋ ಇಳಿದಿದ್ದಾರೆ ಎಂದರೆ ಒಳಗೆ ಏನೋ ಕಾಯಿಲೆ ಇರಬೇಕು ಎಂದರು ಡಾಕ್ಟರಮ್ಮ. ದೊಡ್ಡಾಸ್ಪತ್ರೆಗೆ ಸೇರಿಸಬೇಕು, ಪರೀಕ್ಷೆಗಳಾಗಬೇಕು, ಅಷ್ಟರವರೆಗೆ ಮೂಗಿನಿಂದ ನಳಿಕೆ ಇಳಿಸಿ ಆಹಾರ ಕೊಡಬೇಕು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಮುಂದಿನದನ್ನು ತಿಳಿಸಿದರು. ನಳಿಕೆ ಇರುವವರನ್ನು ಈ ಆಶ್ರಮದಲ್ಲಿ ಇಟ್ಟುಕೊಳ್ಳುವಂತಿಲ್ಲ, ಏಕೆಂದರೆ ಇಲ್ಲಿ ನರ್ಸ್ ಇಲ್ಲ. ಅಂಥವರನ್ನು ಇಟ್ಟುಕೊಳ್ಳುವ ಜಾಗ ಪಕ್ಕದ ಪಟ್ಟಣದಲ್ಲಿದೆ. ಎರಡು ಬಸ್ಸು ಬದಲಿಸಿ ಹೋಗಬೇಕು. ನನ್ನ ಬೆನ್ನಿಗೆ ಅದು ತಿಂಗಳಿಗೊಮ್ಮೆ ಆದರೆ ಹೆಚ್ಚು. ಅಕ್ಕನಿಗೆ ನನ್ನ ಹೆಸರು ಮರೆತಿತ್ತು, ನಾಲ್ಕು ಗಂಟೆ ಮರೆತಿರಲಿಲ್ಲ. ಆ ಹೊತ್ತಿಗೆ ಅವಳು ಬಾಗಿಲ ಕಡೆ ತಿರುಗುತ್ತಿದ್ದಳು.

ಕಂಡಕ್ಟರ್ ತೂಕದ ಕುರ್ಚಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಡಾಕ್ಟರಮ್ಮ ಚೀಟಿ ಬರೆಯಲು ಪೆನ್ನು ತೆಗೆದಾಗ ಬಾಯಿ ಬಿಟ್ಟರು.

“ಡಾಕ್ಟ್ರಮ್ಮಾ, ಆ ಹಾಳೆ ನಂಬಬೇಡಿ. ಅದನ್ನ ನಾನು ಊಟಕ್ಕೆ ಮುಂಚೆ ಬರೆದಿರೋದು.”

ಮೇಡಂ ಅವರ ಮುಖ ಕೆಂಪಾಯಿತು. ಡಾಕ್ಟರಮ್ಮ ಪೆನ್ನು ಹಿಡಿದಂತೆಯೇ ಕೇಳಿದರು.

“ಅಂದ್ರೆ ಇವರು ತಿಂತಾ ಇಲ್ವಾ?”

“ತಿಂತಾರೆ. ತಿನ್ನಿಸೋಕೆ ಹೊತ್ತು ಬೇಕು. ಹೊತ್ತು ನನ್ನ ಹತ್ರ ಇಲ್ಲ.”

ಆಮೇಲೆ ಅವರು ವಿವರಿಸಿದ್ದು ಹೀಗೆ. ಬಸ್ಸಿನಲ್ಲಿ ಎಷ್ಟು ಜನ ಹತ್ತಿದರು, ಯಾವ ಸ್ಟೇಜಿನಲ್ಲಿ ಇಳಿದರು ಎಂದು ಬರೆಯುವ ಹಾಳೆಗೆ ವೇಬಿಲ್ ಎನ್ನುತ್ತಾರೆ. ಸ್ಟೇಜು ಬರುವ ಮೊದಲೇ ಅದನ್ನು ಬರೆದು ಮುಗಿಸಬೇಕು. ಸ್ಟೇಜಿನಲ್ಲಿ ಚೆಕಿಂಗಿನವರು ಹತ್ತಿದಾಗ ವೇಬಿಲ್ ಖಾಲಿಯಿದ್ದರೆ ಕಂಡಕ್ಟರ್ ಕಥೆ ಮುಗಿಯಿತು. ಇಪ್ಪತ್ತಾರು ವರ್ಷದ ಆ ಅಭ್ಯಾಸ ಕೈಯಲ್ಲಿ ಕೂತಿತ್ತು. ಇಲ್ಲಿಯೂ ಅವರು ಹನ್ನೆರಡೂಕಾಲಕ್ಕೆ, ತಟ್ಟೆಗಳು ಬರುವ ಮೊದಲೇ, ಎಲ್ಲರ ಹಾಳೆ ತುಂಬಿಸಿಬಿಡುತ್ತಿದ್ದರು. ಆರು ಮಂಚವಿದ್ದಾಗ ಅದರಿಂದ ಕೇಡಾಗಲಿಲ್ಲ. ಮುಕ್ಕಾಲು ಎಂದು ಬರೆದಮೇಲೆ ಮುಕ್ಕಾಲು ತಿನ್ನಿಸದೆ ಏಳುತ್ತಿರಲಿಲ್ಲ; ಮೊದಲು ಬರೆದು, ಆಮೇಲೆ ಬರೆದದ್ದನ್ನು ನಿಜ ಮಾಡುತ್ತಿದ್ದರು. ಹನ್ನೊಂದು ಮಂಚವಾದಾಗ ಕೈ ಹಿಂದಿನಂತೆಯೇ ಬರೆಯಿತು, ಗಡಿಯಾರ ಮಾತ್ರ ಹಿಂದಿನಂತೆ ಕಾಯಲಿಲ್ಲ. ಅಕ್ಕನ ಬಳಿ ಬರುವ ಹೊತ್ತಿಗೆ ತಟ್ಟೆ ತೊಳೆಯುವವರು ನಿಂತಿರುತ್ತಿದ್ದರು. ನಾಲ್ಕು ತುತ್ತಿಗೇ ಕಂಡಕ್ಟರ್ ಎದ್ದುಬಿಡುತ್ತಿದ್ದರು. ನಾಳೆ ಸರಿಹೋದೀತು ಎಂದು ಒಂದು ತಿಂಗಳು ತಳ್ಳಿದರು.

ಮೇಡಂ ಅಂದೇ ಅವರಿಗೆ ನೋಟಿಸ್ ಕೊಟ್ಟರು. ಎರಡು ವಾರದ ನಂತರ ಅವರ ಕೆಲಸದ ಬಗ್ಗೆ ತೀರ್ಮಾನ ಎಂದು ಅದರಲ್ಲಿತ್ತು. ಡಾಕ್ಟರಮ್ಮನೂ ಎರಡು ವಾರ ಕೊಟ್ಟರು. ಅಷ್ಟರೊಳಗೆ ಅರ್ಧ ಕಿಲೋ ಏರಿದರೆ ನಳಿಕೆ ಬೇಡ, ಏರದಿದ್ದರೆ ಮಾತಿಲ್ಲ. ಹೋಗುವಾಗ ಮೇಡಂ ಅವರಿಗೆ, ಊಟದ ಹೊತ್ತಿನ ನಿಯಮವನ್ನು ಸ್ವಲ್ಪ ಸಡಿಲಿಸಿ, ಮೇಷ್ಟ್ರು ಬರಲಿ ಎಂದರು.

ನನಗೆ ಆಗ ಕಂಡಕ್ಟರ್ ಮೇಲೆ ಕೋಪವಿತ್ತು. ಅದನ್ನು ಮುಚ್ಚಿಡುವುದಿಲ್ಲ. ಮರುದಿನ ಮಾತಾಡದೆ ಹೋಗಿ ಅಕ್ಕನ ಮಂಚದ ಬಳಿ ಕುಳಿತೆ. ಚಮಚದಲ್ಲಿ ಗಂಜಿ ಕೊಟ್ಟರೆ ಅವಳು ಬಾಯಲ್ಲಿಟ್ಟುಕೊಂಡು ಸುಮ್ಮನಾದಳು. ಅಗಿಯಲೂ ಇಲ್ಲ, ನುಂಗಲೂ ಇಲ್ಲ. ಕಂಡಕ್ಟರ್ ಬಂದು ನನ್ನ ಎತ್ತರದ ಕುರ್ಚಿಯನ್ನು ತೆಗೆದು ಮೋಟು ಸ್ಟೂಲು ಹಾಕಿದರು. ನನ್ನ ಮುಖ ಅವಳ ಮುಖಕ್ಕಿಂತ ತುಸು ಕೆಳಗೆ ಬಂತು.

“ನೀವೂ ಅಗೀರಿ ಮೇಷ್ಟ್ರೇ.”

“ಏನನ್ನ?”

“ಏನೂ ಇಲ್ಲ. ಸುಮ್ನೆ ಬಾಯಾಡಿಸಿ. ಅಗಿಯೋದು ಹೇಗೆ ಅಂತ ಅವ್ರಿಗೆ ಮರೆತುಹೋಗಿದೆ. ನೋಡಿದ್ರೆ ನೆನಪಾಗುತ್ತೆ.”

ಬರಿಬಾಯಿ ಆಡಿಸಿದೆ. ಅಕ್ಕ ನನ್ನ ದವಡೆಯನ್ನೇ ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಅವಳ ದವಡೆ ಕದಲಿತು. ನಾನು ನುಂಗಿದಂತೆ ಮಾಡಿದೆ, ಅವಳು ನಿಜವಾಗಿ ನುಂಗಿದಳು. ಕಂಡಕ್ಟರ್ ಮೆಲ್ಲಗೆ ‘ರೈಟ್’ ಎಂದು ಮುಂದಿನ ಮಂಚಕ್ಕೆ ಹೋದರು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಒಮ್ಮೆ ತಾವು ಬ್ರೆಡ್ಡು ಅಗಿಯುತ್ತಿದ್ದಾಗ ಅಕ್ಕ ಜೊತೆಗೆ ಬಾಯಾಡಿಸಿದ್ದನ್ನು ಕಂಡು ಕಲಿತುಕೊಂಡದ್ದು.

ಒಂದೇ ದೊಡ್ಡ ಟ್ರಿಪ್ಪು ಬೇಡ, ದಿನಕ್ಕೆ ಐದು ಸಣ್ಣ ಟ್ರಿಪ್ಪು ಸಾಕು ಎಂದು ಅವರೇ ವೇಳಾಪಟ್ಟಿ ಮಾಡಿದರು. ಹಜಾರ ಶಾಂತವಾಗುವ ಹೊತ್ತು ನೋಡಿ ಬೆಳಿಗ್ಗೆ ಎಂಟು, ಹತ್ತೂವರೆ, ಮಧ್ಯಾಹ್ನ ಎರಡೂವರೆ, ನಾಲ್ಕೂವರೆ, ಸಂಜೆ ಏಳು. ಮೊದಲನೆಯದು, ಕೊನೆಯದು ಅವರಿಗೆ, ನಡುವಿನ ಮೂರು ನನಗೆ. ಪಕ್ಕದ ಮಂಚದಲ್ಲಿ ಅಂಚೆ ಕಚೇರಿಯಲ್ಲಿ ಇದ್ದು ನಿವೃತ್ತರಾದ ಒಬ್ಬ ಅಜ್ಜಿಯಿದ್ದರು. ಕಾಲು ಬಾರದು, ನಾಲಿಗೆ ಚುರುಕು. ಮೂರು ದಿನ ನನ್ನನ್ನು ನೋಡಿ ನಾಲ್ಕನೆಯ ದಿನ ಕೇಳಿದರು:

“ಏನ್ ಮೇಷ್ಟ್ರೇ, ಹಳೇ ಪಾಠ ಮೆಲುಕು ಹಾಕ್ತಿದ್ದೀರಾ?”

“ಹೌದಜ್ಜಿ. ವಿದ್ಯಾರ್ಥಿನಿ ನನಗಿಂತ ಹಿರಿಯಳು, ಗದರೋ ಹಾಗಿಲ್ಲ.”

ಕಂಡಕ್ಟರ್ ಹಾಳೆ ಬರೆಯುವ ಕ್ರಮವನ್ನೂ ಬದಲಿಸಿದರು. ಪೆನ್ನನ್ನು ಜೇಬಿನಿಂದ ತೆಗೆದು ಪಾತ್ರೆಯ ತೊಟ್ಟಿಯ ಮೇಲಿಟ್ಟರು. ತಟ್ಟೆ ತೊಳೆಯಲು ಹೋದಾಗಲೇ ಪೆನ್ನು ಕೈಗೆ ಸಿಗಬೇಕು. ಅರ್ಧ, ಕಾಲು, ನಾಲ್ಕು ತುತ್ತು ಎಂದು ನಿಜವಾದದ್ದು ಹಾಳೆಗೆ ಬರತೊಡಗಿತು. ಕೆಲವರ ಹಾಳೆಯಲ್ಲಿ ‘ಹೊತ್ತು ಸಾಲಲಿಲ್ಲ’ ಎಂದೇ ಬರೆದರು. ಅದನ್ನು ನೋಡಿ ಮೇಡಂ, ಪರಿಶೀಲನೆಗೆ ಬಂದವರು ಇದನ್ನು ಓದಿದರೆ ನನ್ನ ಗತಿಯೇನು ಎಂದರು. ಓದಲಿ ಎಂದೇ ಬರೆದದ್ದು ಎಂದರು ಕಂಡಕ್ಟರ್. ಮೇಡಂ ಎರಡು ದಿನ ಯೋಚಿಸಿ, ಆ ಹಾಳೆಗಳ ಪ್ರತಿ ತೆಗೆಸಿ ಆಡಳಿತ ಸಮಿತಿಗೆ ತಾವೇ ಕಳಿಸಿದರು. ನನ್ನ ಕೋಪ ಇಳಿದದ್ದು ಆವಾಗ.

ಎರಡು ವಾರ ತುಂಬಿದ ಮಂಗಳವಾರ ಅಕ್ಕನನ್ನು ಮತ್ತೆ ತೂಕದ ಕುರ್ಚಿಗೆ ಎತ್ತಿದರು. ಮೂವತ್ತೇಳು ಕಿಲೋ ಆರುನೂರು. ಏರಬೇಕಾದದ್ದು ಐನೂರು ಗ್ರಾಂ, ಏರಿದ್ದು ನಾನೂರು. ಡಾಕ್ಟರಮ್ಮ ಮುಳ್ಳನ್ನು ಬಗ್ಗಿ ನೋಡಿದರು, ಹಿಂದಿನ ಅಂಕಿ ನೋಡಿದರು, ಚೀಟಿಯ ಪುಸ್ತಕ ತೆಗೆದರು. ಪರೀಕ್ಷೆಯಲ್ಲಿ ಒಂದು ಅಂಕ ಕಡಿಮೆಯಾದ ಮಕ್ಕಳ ತಂದೆತಾಯಿ ಹೇಗೆ ನಿಲ್ಲುತ್ತಾರೆಂದು ಬಹಳ ವರ್ಷ ನೋಡಿದ್ದೇನೆ. ಅಂದು ನಾನೂ ಹಾಗೆಯೇ ನಿಂತಿದ್ದೆ.

“ಡಾಕ್ಟ್ರಮ್ಮಾ,” ಎಂದರು ಕಂಡಕ್ಟರ್, “ಹೋದ ಸಲ ಚಪ್ಪಲಿ ಇತ್ತು. ಈ ಸಲ ಬರಿಗಾಲು.”

ಡಾಕ್ಟರಮ್ಮ ನನ್ನತ್ತ ನೋಡಿದರು. ಹೋದ ಸಲ ಆ ದಪ್ಪ ರಬ್ಬರ್ ಚಪ್ಪಲಿಯನ್ನು ಅಕ್ಕನ ಕಾಲಿಗೆ ತೊಡಿಸಿದವನು ನಾನೇ. ಹಾಗೆಂದು ಹೇಳಿದೆ. ಅವರು ಮಂಚದ ಕೆಳಗಿನಿಂದ ಚಪ್ಪಲಿ ತರಿಸಿ ಖಾಲಿ ಕುರ್ಚಿಯ ಮೇಲಿಟ್ಟು ತೂಗಿದರು. ಮುನ್ನೂರು ಗ್ರಾಂ. ಹಾಗಾದರೆ ಏರಿದ್ದು ಏಳುನೂರು. ಚೀಟಿಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ಮೇಡಂ ನೋಟಿಸಿನ ಮಾತನ್ನು ಮತ್ತೆ ಎತ್ತಲಿಲ್ಲ. ಅದನ್ನು ಹಿಂದಕ್ಕೂ ಪಡೆಯಲಿಲ್ಲ. ಕಡತದಲ್ಲಿ ಇನ್ನೂ ಇರಬಹುದು.

ಸಮಿತಿಯವರು ಮಧ್ಯಾಹ್ನದ ಹೊತ್ತಿಗೆಂದು ಒಬ್ಬ ಹೆಂಗಸನ್ನು ಕಳಿಸಿದರು. ಅವಳು ಐದು ವಾರ ಇದ್ದಳು. ಮತ್ತೊಬ್ಬಳು ಬರಲು ಮೂರು ತಿಂಗಳು ಹಿಡಿಯಿತು. ಹಾಳೆಗಳಲ್ಲಿ ‘ಹೊತ್ತು ಸಾಲಲಿಲ್ಲ’ ಎಂಬ ಮಾತು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಅಕ್ಕ ಅದೇ ಆರನೆಯ ಮಂಚದಲ್ಲಿ ಇನ್ನೂ ಹದಿನಾಲ್ಕು ತಿಂಗಳು ಇದ್ದಳು, ನಳಿಕೆಯಿಲ್ಲದೆ. ಕೊನೆಯ ವಾರದವರೆಗೂ ನಾಲ್ಕು ಗಂಟೆಗೆ ಬಾಗಿಲ ಕಡೆ ತಿರುಗುತ್ತಿದ್ದಳು.

ಅವಳು ಹೋದಮೇಲೆ ಮನೆಯಲ್ಲಿ ಎರಡೂವರೆ ಗಂಟೆ ಬಂದರೆ ನನ್ನ ದವಡೆ ತಾನಾಗಿ ಆಡುತ್ತಿತ್ತು. ಹತ್ತು ದಿನ ನೋಡಿ, ಛತ್ರಿ ತೆಗೆದುಕೊಂಡು ಮತ್ತೆ ಆಶ್ರಮಕ್ಕೆ ಹೋದೆ. ಒಂಬತ್ತನೆಯ ಮಂಚದಲ್ಲಿ ಒಬ್ಬ ಮುದುಕರಿದ್ದಾರೆ, ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರಿಗೆ ತಮ್ಮನೂ ಇಲ್ಲ, ಮೇಷ್ಟ್ರೂ ಇಲ್ಲ. ಈಗ ಅವರ ಎದುರಿಗೆ ಮೋಟು ಸ್ಟೂಲಿನ ಮೇಲೆ ಕೂರುತ್ತೇನೆ. ಕಂಡಕ್ಟರ್ ಅವರಿಗೆ ಈಗ ಮಂಡಿ ನೋವು. ಮಂಚದ ಕಂಬಿಗೆ ಎರಡು ಸಲ ತಟ್ಟುವಾಗಲೇ ಅದನ್ನು ಹಿಡಿದುಕೊಂಡು ನಿಲ್ಲುತ್ತಾರೆ. ಮುಂದೆ ನಿಮಗೆ ಯಾರು ತಿನ್ನಿಸುತ್ತಾರೆ ಎಂದು ಅಂಚೆ ಕಚೇರಿಯ ಅಜ್ಜಿ ಕೆಣಕಿದರೆ, ಆಗಲಿ ನೋಡೋಣ, ಮೇಷ್ಟ್ರಿಗೆ ಟ್ರೈನಿಂಗ್ ಆಗಿದೆಯಲ್ಲ ಎನ್ನುತ್ತಾರೆ. ನಾನು ಅವರಿಗಿಂತ ಹತ್ತು ವರ್ಷ ದೊಡ್ಡವನು ಎಂಬುದನ್ನು ಇಬ್ಬರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ತಟ್ಟೆ ತೊಳೆದಿಟ್ಟು ತೊಟ್ಟಿಯ ಮೇಲಿನ ಪೆನ್ನು ತೆಗೆದುಕೊಂಡು ಒಂಬತ್ತನೆಯ ಹಾಳೆ ತುಂಬಿಸುತ್ತೇನೆ. ಕಂಡಕ್ಟರ್ ಚೆಕಿಂಗಿನವರ ಹಾಗೆ ಹಿಂದೆ ಬಂದು ನಿಲ್ಲುತ್ತಾರೆ.

“ಊಟ ಆದ್ಮೇಲೆ ಬರೆದ್ರಿ ತಾನೇ?”

ತಟ್ಟೆ ಇನ್ನೂ ಒದ್ದೆಯಿರುತ್ತದೆ. ಅದನ್ನು ಎತ್ತಿ ತೋರಿಸುತ್ತೇನೆ.