ನನ್ನ ಅಳತೆಯ ಹಲಗೆ

ಎಂಟು ತಿಂಗಳ ಮಗು ತೀರಿಹೋಗಿ ಮೂರು ತಿಂಗಳಾದ ಮೇಲೆ ನನ್ನ ಗಂಡ ನನ್ನನ್ನು ಕುರುಗೋಡಿನಿಂದ ಸಿರುಗುಪ್ಪಕ್ಕೆ ಕರೆತಂದು ದೊಡ್ಡವ್ವನ ಮನೆಯಲ್ಲಿ ಬಿಟ್ಟರು. ಬಳ್ಳಾರಿಯ ಸತ್ಯನಾರಾಯಣಪೇಟೆಯ ನನ್ನ ತವರಿಗೆ ಹೋದರೆ ಓಣಿಯ ಹೆಂಗಸರೆಲ್ಲ ಬಂದು ಏನಾಯಿತು, ಹೇಗಾಯಿತು ಎಂದು ಕೇಳುತ್ತಾರೆಂದು ಅವರಿಗೆ ಅಂಜಿಕೆ. ನನಗೆ ಎಲ್ಲಿದ್ದರೂ ಒಂದೇ ಆಗಿತ್ತು. ತಲೆ ಬಾಚಿಕೋ ಅಂದರೆ ಬಾಚಿಕೊಳ್ಳುತ್ತಿದ್ದೆ, ಉಣ್ಣು ಅಂದರೆ ಉಣ್ಣುತ್ತಿದ್ದೆ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಗಂಡ ತೀರಿದ ಮೇಲೆ ಎರಡು ಎಮ್ಮೆ ಕಟ್ಟಿಕೊಂಡು ಬದುಕಿದವಳು. ಹೊಸಪೇಟೆಯ ಅಣೆಕಟ್ಟು ಇನ್ನೂ ಏಳುತ್ತಿದ್ದ ಕಾಲ, ತುಂಗಭದ್ರೆಗೆ ತಡೆಯಿರಲಿಲ್ಲ. ಮಳೆಗಾಲದ ರಭಸ ಇಳಿದಾಗ ಹೊಳೆಯ ನಡುಗಡ್ಡೆಯಲ್ಲಿ ಎದೆಮಟ್ಟ ಹುಲ್ಲು ಬೆಳೆದಿರುತ್ತಿತ್ತು. ದೊಡ್ಡವ್ವ ಮತ್ತು ಇನ್ನೂ ನಾಲ್ಕೈದು ಹೆಂಗಸರು ಹಗುರವಾದ ಬೂರುಗದ ಮರದ ಹಲಗೆಯ ಮೇಲೆ ಬೋರಲು ಮಲಗಿ, ಎರಡೂ ಕೈಯಿಂದ ನೀರು ತಳ್ಳುತ್ತ ಅಲ್ಲಿಗೆ ಹೋಗಿ ಹುಲ್ಲು ಕೊಯ್ದು ತರುತ್ತಿದ್ದರು.

"ನೀನೂ ಬಾ. ಗ್ವಾಡಿ ನೋಡ್ಕೋತ ಎಷ್ಟು ದಿನ ಕುಂದರ್ತಿ?" ಎಂದಳು ಒಂದು ದಿನ.

ಹೋದೆ. ದಂಡೆಯಲ್ಲಿ ಅವಳ ಹಲಗೆಯಿತ್ತು, ತೆಳ್ಳಗೆ, ನನ್ನ ಎದೆಯಷ್ಟೂ ಅಗಲವಿಲ್ಲದ್ದು.

"ಅದು ನನಗ ರೂಢಿ ಆಗೇತಿ. ಹೊಸಬರಿಗೆ ಆಗಂಗಿಲ್ಲ," ಎಂದಳು. ಅವಳು ಸೀರೆ ಕಚ್ಚೆ ಹಾಕುವಷ್ಟರಲ್ಲಿ ನಾನು ಅದನ್ನು ಎತ್ತಿಕೊಂಡು ನೀರಿಗಿಳಿದು ಮಲಗಿಬಿಟ್ಟಿದ್ದೆ. ಹಲಗೆ ಮಗುಚಿತು. ನೀರೊಳಗೆ ಕಣ್ಣು ತೆರೆದೇ ಇತ್ತು. ಎಲ್ಲ ಕಂದು ಬಣ್ಣ. ಕೈಕಾಲು ಬಡಿಯಬೇಕು ಅಂತ ಅನಿಸಲಿಲ್ಲ. ದೊಡ್ಡವ್ವ ನನ್ನ ತುರುಬು ಹಿಡಿದು ಎಳೆದಳು.

"ಯಾಕ ಕೈ ಬಡೀಲಿಲ್ಲ ನೀನು?"

ನನ್ನ ಸೆರಗು ಹಿಂಡುತ್ತಿದ್ದ ಅವಳ ಕೈಯನ್ನು ಯಾರದೋ ಕೈ ನೋಡುವಂತೆ ನೋಡಿದೆ.

ಬೇರೆಯವರಾದರೆ ನನ್ನನ್ನು ಮತ್ತೆ ಹೊಳೆಯ ಹತ್ತಿರ ಬಿಡುತ್ತಿರಲಿಲ್ಲ. ದೊಡ್ಡವ್ವ ಮರುದಿನ ನನಗೊಂದು ಹಲಗೆ ಮಾಡಿಸಲು ಬಡಿಗೇರನ ಮನೆಗೆ ಕರೆದೊಯ್ದಳು. ಅವನು ಮನೆಯಲ್ಲಿ ತೆಲುಗು ಆಡುವ ಮುದುಕ. ನನ್ನನ್ನು ಗೋಡೆಗೆ ನಿಲ್ಲಿಸಿ ಹಿಮ್ಮಡಿಯಿಂದ ನೆತ್ತಿಯವರೆಗೆ ದಾರ ಹಿಡಿದ.

"ನೆಟ್ಟಗ ನಿಂದ್ರು ತಲ್ಲಿ. ಕಲಿಯೋರಿಗೆ ತಮಗಿಂತ ಒಂದು ಗೇಣು ಉದ್ದ ಇರಬೇಕು. ಅಗಲ ಭುಜದಿಂದ ಭುಜಕ್ಕ. ಅದಕ್ಕೂ ಜಾಸ್ತಿ ಮಾಡಿದ್ರ ಕೈ ನೀರಿಗೆ ನಿಲುಕಂಗಿಲ್ಲ." ದಾರಕ್ಕೆ ಗಂಟು ಹಾಕಿ ಕೇಳಿದ: "ಕೂಸಿನ್ನ ಬೆನ್ನಿಗೆ ಕಟ್ಕೊಂಡು ಹೋಗಾಕಿ ಏನು? ಹಂಗಾದ್ರ ಎರಡು ಬೆರಳು ದಪ್ಪ ಬಿಡ್ತೀನಿ."

"ಹೌದ್ರಿ," ಅಂದೆ.

"ಎಷ್ಟು ತಿಂಗಳದ್ದು?"

"ಎಂಟು."

ದೊಡ್ಡವ್ವ ನೆಲದ ಮೇಲಿನ ಕಟ್ಟಿಗೆಯ ಸಿಬರುಗಳನ್ನು ನೋಡುತ್ತ ನಿಂತಿದ್ದಳು. ದಾರಿಯಲ್ಲೂ ಆ ಮಾತು ಎತ್ತಲಿಲ್ಲ.

ನಾಲ್ಕು ದಿನಕ್ಕೆ ಹಲಗೆ ಬಂತು. ಮೊಣಕಾಲುದ್ದ ನೀರಿನಲ್ಲಿ ಅದರ ಮೇಲೆ ಮಲಗಿಸಿ, ಪಕ್ಕದಲ್ಲಿ ಹಿಡಿದುಕೊಂಡು ದೊಡ್ಡವ್ವ ಕೇಳಿದಳು.

"ಎದಿಗೆ ನೀರು ಹತ್ತೇತೇನು?"

"ಇಲ್ಲ."

"ಕೈ ನಿಲುಕತಾವ?"

"ನಿಲುಕತಾವ."

"ಮುಂದಿನ ತುದಿ ಮುಳುಗಾಕ ಹತ್ತೇತಿ. ಒಂದೀಟು ಹಿಂದಕ ಸರಿ."

ಸರಿದೆ. ಹಲಗೆ ಸಮವಾಗಿ ನಿಂತಿತು. ಅಷ್ಟು ದಪ್ಪದ ಹಲಗೆ ನನ್ನೊಬ್ಬಳ ಭಾರಕ್ಕೆ ಅಲುಗುತ್ತಲೇ ಇರಲಿಲ್ಲ. ಎಂಟು ದಿನ ದಂಡೆಯ ಗುಂಟ ಕೈ ಆಡಿಸಿದೆ. ಒಂಬತ್ತನೆಯ ದಿನ ದೊಡ್ಡವ್ವನ ಜೊತೆಗೆ ಹೊಳೆ ದಾಟಿದೆ. ನಡುವೆ ಸೆಳವು ಅಡ್ಡಲಾಗಿ ಹೊಡೆದಾಗಲೂ ಹಲಗೆ ಮಗುಚಲಿಲ್ಲ. ಹೆದರಿಕೆ ಆಗಲಿಲ್ಲ, ಖುಷಿಯೂ ಆಗಲಿಲ್ಲ. ತೋಳು ನೋಯುತ್ತಿದ್ದದ್ದು ಮಾತ್ರ ಗೊತ್ತಾಯಿತು.

ನಡುಗಡ್ಡೆಯಲ್ಲಿ ಅರ್ಧ ಹೊರೆ ಹುಲ್ಲು ಕೊಯ್ದಿರಬೇಕು, ನನ್ನ ಬಾಯಿಂದ "ಹಸಿವಾಗೇತಿ" ಎಂಬ ಮಾತು ಬಂತು. ದೊಡ್ಡವ್ವ ತಲೆಗೆ ಕಟ್ಟಿ ತಂದಿದ್ದ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿ ಪಲ್ಯ. ನನ್ನ ಪಾಲಿನ ಎರಡು ರೊಟ್ಟಿ ತಿಂದು ಅವಳ ರೊಟ್ಟಿಯ ಕಡೆ ನೋಡಿದೆ. ಅವಳು ಅದನ್ನೂ ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕುಡುಗೋಲು ಹಿಡಿದಳು.

ತಿಂಗಳ ಕೊನೆಗೆ ಗಂಡ ಗಾಡಿ ತಂದರು. ಬಿಸಿಲಿಗೆ ಕಪ್ಪಾದ ನನ್ನ ತೋಳು ನೋಡಿ, "ಹೋಗೋಣೇನು?" ಎಂದರು. ಹ್ಞೂಂ ಅಂದೆ. ಊರು ದಾಟಿ ಹತ್ತಿ ಹೊಲಗಳ ನಡುವೆ ಹೋಗುವಾಗ ಅವರು ಒಮ್ಮೆಲೇ ಎತ್ತಿನ ಹಗ್ಗ ಕೈಬಿಟ್ಟು, ಮುಖ ಮುಚ್ಚಿಕೊಂಡು ಅತ್ತರು. ನಾನು ಅವರ ಬೆನ್ನ ಮೇಲೆ ಅಂಗೈ ಇಟ್ಟು ಕೂತೆ. ಎತ್ತುಗಳು ತಮ್ಮಷ್ಟಕ್ಕೆ ನಡೆಯುತ್ತಿದ್ದವು.