ಮೂರನೆಯ ಕವಲು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು, ‘ಕಣ್ಣಾರೆ ಕಂಡೆ’ ಅನ್ನುವವರನ್ನು ಸುಲಭಕ್ಕೆ ನಂಬುತ್ತಿರಲಿಲ್ಲ. ಈಗ ಹಾಗೆ ಅನ್ನುವ ಸರದಿ ನನ್ನದು. ನೀವು ನಂಬಲೇಬೇಕೆಂದೇನಿಲ್ಲ.

ಕೆಲವು ವರ್ಷಗಳ ಹಿಂದೆ ಹೊಸಪೇಟೆಯಿಂದ, ಕಂಪ್ಲಿ ಹತ್ತಿರದ ಸೋದರಮಾವನ ಊರಿಗೆ ಹೋಗಿದ್ದೆ. ಅಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆ ಈಗಲೂ ಹರಿಯುತ್ತದೆ. ಊರಾಚೆ ಅದು ಎರಡು ಕವಲಾಗುತ್ತದೆ. ನಡುವೆ ಒಂದು ಕಲ್ಲು. ನೀರಿನ ಪಾಳಿ ಬಂದವರು ಆ ಕಲ್ಲಿಗೆ ಟವೆಲ್ ಕಟ್ಟುತ್ತಾರೆ. ಗಂಟು ಯಾವ ಕಡೆಗಿದೆಯೋ ಆ ಕವಲಿನ ನೀರು ಅವರದು. ಮಾವನ ಗದ್ದೆ ಎಡಗವಲಿನಲ್ಲಿ.

ಆ ಸಂಜೆ ನೀರು ಕಟ್ಟಲು ಹೋದ ಮಾವ ಬರಲೇ ಇಲ್ಲ. ಫೋನೂ ಎತ್ತಲಿಲ್ಲ.

“ಸಕ್ರಿ ಕಾಯಿಲಿ ಗುಳಿಗಿ ನುಂಗ್ಯಾರ, ಉಂಡಿಲ್ಲ. ಬದುವಿನ ಮ್ಯಾಲೆ ಕುಂತು ಹರಟಿ ಹೊಡಿಯಾಕತ್ತಿರಬೇಕು. ಜಲ್ದಿ ನೋಡವ್ವಾ,” ಎಂದು ಅತ್ತೆ ಕೈಗೆ ಬೆಲ್ಲ ಕೊಟ್ಟರು.

ಕವಲಿಗೆ ಬಂದಾಗ ಇನ್ನೂ ಬೆಳಕಿತ್ತು. ನಾನು ಕಂಡದ್ದು ಮೂರು ಕವಲು, ಎರಡು ಕಲ್ಲು. ಆಗ ಅದು ವಿಚಿತ್ರ ಅನಿಸಲೇ ಇಲ್ಲ. ಎರಡನೆಯ ಕಲ್ಲಿಗೆ ಮಾವನ ಕೆಂಪು ಟವೆಲ್, ಗಂಟು ಬಲಕ್ಕೆ. ಯೋಚಿಸದೆ ಅದನ್ನು ಬಿಚ್ಚಿಕೊಂಡು ಮೂರನೆಯ ಕವಲಿನ ಏರಿಯ ದಾರಿ ಹಿಡಿದೆ. ಯಾರದೋ ಬಾಳೆತೋಟದಲ್ಲಿ ಮಾವ ಬೆವೆತು ಬಿದ್ದಿದ್ದರು, ಮಾತು ತೊದಲುತ್ತಿತ್ತು. ಬೆಲ್ಲ ತಿನ್ನಿಸಿದೆ. ಚೇತರಿಸಿಕೊಂಡವರು ಮೊದಲು ನೋಡಿದ್ದು ನನ್ನ ಕೈಯನ್ನು.

“ಟವೆಲ್ ಯಾಕ ಬಿಚ್ಚಿದಿ, ಹುಚ್ಚಿ? ಯಾರಾರ ನೀರು ತಿರುವಿಕೊಂಡಿರ್ತಾರ!”

“ನೀವು ಈ ಕಾಲಿವಿಗೆ ಯಾಕ ಬಂದ್ರಿ ಮಾವ?”

“ಕಾಲಿವಿ ಎಲ್ಲೈತಿ ಇಲ್ಲಿ? ತಲಿ ತಿರುಗಿ ನಾ ದಾರಿ ತಪ್ಪಿದೆ. ನಿನಗೇನಾತು?”

ತಿರುಗಿ ನೋಡಿದೆ. ಬರೀ ಬಾಳೆ.

ಮರುದಿನ ಹೋದರೆ ಎರಡೇ ಕವಲು, ಒಂದೇ ಕಲ್ಲು. “ಹಿಂದಕ ಇನ್ನೊಂದು ಕವಲಿತ್ತಂತ. ನಮ್ಮತ್ತಿ ಕಾಲಕ್ಕೇ ಮುಚ್ಚಿ ಹೋಗೇತಿ,” ಎಂದರು ಅತ್ತೆ. ಹಳೆಯ ಕಾಲುವೆಗಳ ಬಗ್ಗೆ ನಾನು ಒಂದಿಷ್ಟು ಓದಿದ್ದೆ. ಓದಿದ್ದೇ ಕಣ್ಣಿಗೆ ಕಟ್ಟಿತೇ? ಅಥವಾ ಅತ್ತೆಯ ಮಾತು ಕೇಳಿದ ಮೇಲೆ ಮೂರನೆಯದನ್ನು ನೆನಪಿಗೆ ನಾನೇ ಸೇರಿಸಿಕೊಂಡೆನೇ? ಮಾವನೂ ಟವೆಲ್ ಕಟ್ಟಿದ್ದು ಎಡಕ್ಕೇ ಅನ್ನುತ್ತಾರೆ.

ಈಗಲೂ ಆ ಊರಿಗೆ ಹೋದಾಗಲೆಲ್ಲ ಕಲ್ಲು ನೋಡಿ ಬರುತ್ತೇನೆ. ಒಂದೇ ಇರುತ್ತದೆ. ಆ ಸಂಜೆಯೂ ಒಂದೇ ಇತ್ತು ಎಂದು ಒಪ್ಪಿಕೊಳ್ಳಲು ನಾನು ಸಿದ್ಧ. ಆದರೆ ಒಂದೇ ಕಂಡಿದ್ದರೆ ನಾನು ಎಡಕ್ಕೆ, ಗದ್ದೆಯ ಕಡೆಗೇ ಹೋಗುತ್ತಿದ್ದೆ. ಅಲ್ಲಿ ಮಾವ ಇರಲಿಲ್ಲ.